ಪ್ರಿಂಟೇ ಇಲ್ಲದ ‘ಆಲಂ ಆರಾ’ವನ್ನು ಮಾಳಿಗೆ ಮೇಲೆ ನಡೆಸುವುದು

ಪ್ರತಿ ವರ್ಷ ಮಾರ್ಚ್ 14ರ ರಾತ್ರಿ ಕಲಬುರಗಿ ಸ್ಟೇಷನ್ ಹತ್ತಿರದ ನಮ್ಮ ಮನೆ ಮಾಳಿಗೆ ಮೇಲೆ ‘ಆಲಂ ಆರಾ’ ನಡೆಯುತ್ತದೆ. 1931ರಲ್ಲಿ ಅದೇ ದಿನ ಮುಂಬೈಯ ಮೆಜೆಸ್ಟಿಕ್ ಟಾಕೀಸಿನಲ್ಲಿ ಅದು ತೆರೆಗೆ ಬಂತು. ಅರ್ದೇಶಿರ್ ಇರಾನಿ ತೆಗೆದ, ನಮ್ಮ ದೇಶದ ಮೊದಲ ಮಾತಾಡುವ ಸಿನಿಮಾ. ಅದರ ಒಂದು ಪ್ರಿಂಟೂ ಈಗ ಇಲ್ಲ. “ಇಲ್ಲದ ಸಿನಿಮಾ ಹ್ಯಾಂಗ ತೋರಸ್ತೀರಿ ಅಕ್ಕಾ?” ಅಂತ ಓಣಿಯವರು ಕೇಳುತ್ತಾರೆ. ಕೇಳಿಸ್ತೀನಿ, ಬರ್ರಿ ಅನ್ನುತ್ತೇನೆ. ನಾನು ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುವವಳು. ನನಗೆ ಈ ಸಿನಿಮಾದ ಮೇಲೆ ಪ್ರೀತಿ ಹುಟ್ಟಿದ್ದೇ ಅದರ ದನಿಯಿಂದ. ನಿಮ್ಮ ಊರಲ್ಲೂ ಮಾಡಬಹುದು, ಹೇಗೆ ಅಂತ ಹೇಳುತ್ತೇನೆ.

ಮೊದಲ ವರ್ಷ ನಾನು ಲ್ಯಾಪ್‌ಟಾಪ್ ಇಟ್ಟು ಹಳೆಯ ಫೋಟೊ ಒಂದೊಂದೇ ತೋರಿಸಿದೆ. ಹತ್ತು ನಿಮಿಷಕ್ಕೆ ಹುಡುಗರು ಮೊಬೈಲ್ ತೆಗೆದರು. ಹಾಗಾಗಿ ಪರದೆ ಬೇಡ. ಸಂಜೆಯೇ ಮಾಳಿಗೆಗೆ ನೀರು ಹೊಡೆಯಿರಿ. ಮಾರ್ಚಿನಲ್ಲಿ ನಮ್ಮ ಕಡೆ ಕಲ್ಲು ಎಂಟು ಗಂಟೆಯವರೆಗೂ ಸುಡುತ್ತದೆ. ಚಾಪೆ ಹಾಸಿ, ಸುಸ್ಲಾ, ಮಿರ್ಚಿ ಮಾಡಿಡಿ. ಎಂಟೂವರೆಗೆ ಶುರು ಮಾಡಿ.

ಕಥೆ ಮೊದಲು. ಇದು ಜೋಸೆಫ್ ಡೇವಿಡ್ ಬರೆದ ಪಾರ್ಸಿ ನಾಟಕದಿಂದ ಬಂದದ್ದು. ನಮ್ಮ ಶರಣಬಸವೇಶ್ವರ ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದರ ಹದ ತಾನಾಗೇ ಗೊತ್ತಾಗುತ್ತದೆ. ಕುಮಾರಪುರದ ರಾಜನಿಗೆ ಇಬ್ಬರು ರಾಣಿಯರು, ದಿಲ್‌ಬಹಾರ್ ಮತ್ತು ನೌಬಹಾರ್. ನೌಬಹಾರ್‌ಳ ಹೊಟ್ಟೆಯಲ್ಲಿ ಗಂಡು ಮಗು ಹುಟ್ಟುತ್ತದೆ ಅಂತ ಫಕೀರನೊಬ್ಬ ಹೇಳುತ್ತಾನೆ. ಹೊಟ್ಟೆಕಿಚ್ಚಿನ ದಿಲ್‌ಬಹಾರ್ ಸೇನಾಪತಿ ಆದಿಲ್‌ನ ಬೆನ್ನು ಬೀಳುತ್ತಾಳೆ. ಅವನು ಒಲ್ಲೆ ಅನ್ನುತ್ತಾನೆ. ಅವಳು ಅವನನ್ನು ಸೆರೆಗೆ ಹಾಕಿಸುತ್ತಾಳೆ. ಅವನ ಮಗಳು ಆಲಂ ಆರಾ ಅಲೆಮಾರಿಗಳ ಕೈಯಲ್ಲಿ ಬೆಳೆಯುತ್ತಾಳೆ. ದೊಡ್ಡವಳಾಗಿ ಅರಮನೆಗೆ ಬಂದಾಗ ರಾಜಕುಮಾರ ಎದುರಾಗುತ್ತಾನೆ.

ಇಡೀ ಕಥೆಯನ್ನು ಒಂದೇ ಉಸಿರಿಗೆ ಹೇಳಬೇಡಿ. ಆದಿಲ್ “ಒಲ್ಲೆ” ಅನ್ನುವಲ್ಲಿ ನಿಲ್ಲಿಸಿ, ದಿಲ್‌ಬಹಾರ್ ಏನು ಹೇಳಿರಬಹುದು ಅಂತ ಕೂತವರನ್ನೇ ಕೇಳಿ. ಹೋದ ವರ್ಷ ನಮ್ಮ ಎದುರು ಮನೆ ಅತ್ತಿ, ಎಂದೂ ಜೋರಾಗಿ ಮಾತಾಡದವರು, ಸೆರಗು ಸರಿ ಮಾಡಿಕೊಂಡು ಎದ್ದು ನಿಂತರು. “ನನ್ನ ಮಾತ ತೆಗೆದುಹಾಕಿದವನ ಮಕ ಬಿಸಲ ನೋಡಬಾರದು” ಅಂದರು. ಮಾಳಿಗೆ ಗಪ್ಪಾಯಿತು. ಸಿನಿಮಾದ ಭಾಷೆ ಹಿಂದೂಸ್ತಾನಿ. ಉರ್ದು ಬಲ್ಲ ಹಿರಿಯರೊಬ್ಬರನ್ನು ಕರೆದು ಅದೇ ಮಾತನ್ನು ಉರ್ದುವಿನಲ್ಲಿ ಹೇಳಿಸಿ. ನಮ್ಮಲ್ಲಿ ಪಕ್ಕದ ಮನೆ ಚಾಚಾ ಹೇಳುತ್ತಾರೆ. ಕಲಬುರಗಿಯಲ್ಲಿ ಇದಕ್ಕೆ ಜಾಸ್ತಿ ಹುಡುಕಬೇಕಿಲ್ಲ.

ಈಗ ಮುಖ್ಯ ಕೆಲಸ, ದನಿ. ಆಗ ಮಾತು, ಹಾಡು, ವಾದ್ಯ ಎಲ್ಲವನ್ನೂ ಚಿತ್ರ ತೆಗೆಯುವ ಹೊತ್ತಿಗೇ ಹಿಡಿಯಬೇಕಿತ್ತು. ಆಮೇಲೆ ಡಬ್ಬಿಂಗ್ ಮಾಡುವ ಮಾತೇ ಇರಲಿಲ್ಲ. ಮೈಕನ್ನು ಕ್ಯಾಮೆರಾಗೆ ಕಾಣದ ಹಾಗೆ ಬಚ್ಚಿಡುತ್ತಿದ್ದರು. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಟ್ಟುವುದಿಲ್ಲ, ಮಾಡಿಸಬೇಕು. ಒಂದು ಮೊಬೈಲಿನ ರೆಕಾರ್ಡರ್ ಹಚ್ಚಿ ಮಲ್ಲಿಗೆ ಕುಂಡದ ಎಲೆಗಳ ನಡುವೆ ಇಡಿ. ಗದ್ದಲ ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಬಂದ್ ಮಾಡಿ. ರಾಜಕುಮಾರನಾಗುವ ಹುಡುಗ ಕುಂಡದ ಹತ್ತಿರ ಮಾತು ಶುರು ಮಾಡಿ, ಎಂಟು ಹೆಜ್ಜೆ ನಡೆದು, ಬೆನ್ನು ತಿರುಗಿಸಿ ಮುಗಿಸಲಿ. ಆಮೇಲೆ ಎಲ್ಲರಿಗೂ ಕೇಳಿಸಿ. ಮೊದಲ ಮಾತು ಗಟ್ಟಿ, ಕೊನೆಯದು ಗಾಳಿಯಲ್ಲಿ ಕರಗಿರುತ್ತದೆ. ಕುಂಡ ಬಿಟ್ಟು ಕದಲಬಾರದು ಅಂತ ಹುಡುಗರೇ ಹೇಳುತ್ತಾರೆ. ಆಗ ಮಾಸ್ಟರ್ ವಿಠಲ್ ಬಗ್ಗೆ ಹೇಳಿ. ಮೂಕಿ ಚಿತ್ರಗಳಲ್ಲಿ ಓಡಿ ಜಿಗಿದು ಹೆಸರು ಮಾಡಿದ ನಟ ಈ ಸಿನಿಮಾದಲ್ಲಿ ರಾಜಕುಮಾರ. ಆಲಂ ಆರಾ ಆಗಿದ್ದವರು ಜುಬೇದಾ. ಆದಿಲ್ ಪಾತ್ರ ಪೃಥ್ವಿರಾಜ್ ಕಪೂರ್ ಅವರದು.

ಹಾಡಿಗೆ ಪೇಟಿ, ತಬಲಾ ಎರಡೇ ಸಾಕು. ಇದರಲ್ಲಿ ಏಳು ಹಾಡು ಇದ್ದವು. ಫಕೀರನಾಗಿ ವಜೀರ್ ಮೊಹಮ್ಮದ್ ಖಾನ್ ಹಾಡಿದ “ದೇ ದೇ ಖುದಾ ಕೆ ನಾಮ್ ಪೆ” ಹಿಂದಿ ಸಿನಿಮಾದ ಮೊದಲ ಹಾಡು. ಅದಕ್ಕೂ ಪೇಟಿ, ತಬಲಾ ಎರಡೇ ಇದ್ದವು. ಅದರ ಮೂಲ ದನಿ ನಾನು ಕೇಳಿಲ್ಲ. ಹಾಗಾಗಿ ನಮ್ಮ ದರ್ಗಾ ಕಡೆ ಫಕೀರರು ಹಾಡುತ್ತಾ ಬರುವ ಧಾಟಿಯಲ್ಲಿ ಕೂರಿಸಿದ್ದೇನೆ. ಇದು ನನ್ನ ಧಾಟಿ ಅಂತ ಮೊದಲೇ ಹೇಳಿಬಿಡುತ್ತೇನೆ, ನೀವೂ ಹೇಳಿ. ತಬಲಾದವರನ್ನು ಹಾಡುವವರ ಪಕ್ಕ ಕೂರಿಸಿದರೆ ಮಾತೇ ಕೇಳುವುದಿಲ್ಲ. ನೀರಿನ ಟ್ಯಾಂಕಿನ ಹಿಂದೆ ಕಳಿಸಿ. ಮೂರು ನಾಲ್ಕು ಸಲ ಜಾಗ ಬದಲಿಸಿ, ರೆಕಾರ್ಡ್ ಮಾಡಿ, ಕೇಳಿ ನೋಡಿ. ಇದಕ್ಕೆ ಅರ್ಧ ಗಂಟೆ ಹೋಗುತ್ತದೆ, ಹೋಗಲಿ. ಇಡೀ ರಾತ್ರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಹೊತ್ತು ಇದೇ.

ರೈಲು ಬಂದರೆ ನಿಲ್ಲಿಸಬೇಡಿ. ಇರಾನಿಯವರ ಸ್ಟುಡಿಯೊ ರೈಲು ಹಳಿಯ ಪಕ್ಕದಲ್ಲೇ ಇತ್ತು. ಹಗಲೆಲ್ಲ ಗಾಡಿಗಳ ಸದ್ದು. ಅದಕ್ಕೇ ರಾತ್ರಿ ಒಂದರಿಂದ ನಾಲ್ಕರವರೆಗೆ, ಗಾಡಿ ಓಡಾಟ ನಿಂತ ಮೇಲೆ, ಚಿತ್ರೀಕರಣ ಮಾಡುತ್ತಿದ್ದರು. ನಮ್ಮ ರೆಕಾರ್ಡಿಂಗ್ ಒಂದರಲ್ಲಿ ಫಕೀರ “ದೇ ದೇ” ಅನ್ನುವಾಗಲೇ ಸೊಲ್ಲಾಪುರ ಕಡೆಯಿಂದ ಬಂದ ಗಾಡಿ ಉದ್ದಕ್ಕೆ ಕೂಗಿದೆ. “ಅಕ್ಕಾ, ಅದನ್ನ ಇನ್ನೊಮ್ಮೆ ಹಚ್ಚರಿ” ಅಂತ ಹುಡುಗರು ಪ್ರತಿ ಸಲ ಕೇಳುತ್ತಾರೆ.

ಕೊನೆಗೆ ಒಂದು ಕೆಲಸ, ಇದನ್ನು ಮಾತ್ರ ಬಿಡಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದು 1964ರಲ್ಲಿ, ಈ ಸಿನಿಮಾ ಬಂದು 33 ವರ್ಷ ಕಳೆದ ಮೇಲೆ. ಅವರಿಗೂ ಪ್ರಿಂಟ್ ಸಿಗಲಿಲ್ಲ. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’, ಅದೂ ಹೀಗೇ ಹೋಯಿತು. ಅದಕ್ಕೆ ಅವತ್ತಿನ ಎಲ್ಲ ರೆಕಾರ್ಡಿಂಗ್‌ಗಳಿಗೂ ತಾರೀಖು, ಹಾಡಿದವರ ಹೆಸರು ಬರೆದು ಅದೇ ರಾತ್ರಿ ಇನ್ನಿಬ್ಬರಿಗೆ ಕಳಿಸಿ. ನಾನು ಒಂದು ಪೆನ್‌ಡ್ರೈವನ್ನು ಪೇಟಿಯ ಗವಸಣಿಗೆಯ ಒಳಗಿನ ಜೇಬಿನಲ್ಲಿ ಇಡುತ್ತೇನೆ. ಇನ್ನೊಂದು ಚಾಚಾ ಮನೆಯ ಕಪಾಟಿನಲ್ಲಿದೆ.