ನುಡಿಸಿ ನೋಡದೆ ಕೊಂಡ ಬ್ಯಾಂಜೋ

ಹೆಡ್, ಅಂದರೆ ಡೋಲಿನ ಚರ್ಮದ ಹಾಗೆ ಮುಂದೆ ಬಿಗಿದಿರುವ ಹಾಳೆ, ಹರಿದಿದ್ದ ಬ್ಯಾಂಜೋ ಕೊಂಡೆ. "ಸದ್ದೇ ಕೇಳದೆ ವಾದ್ಯ ತಗೊಳ್ತಾರಾ? ಅದೂ ಟೋನ್ ರಿಂಗ್ ಇಲ್ಲದ್ದು!" ಅಂತ ಗೆಳೆಯರಿಂದ ಬೈಸಿಕೊಂಡೆ. ಟೋನ್ ರಿಂಗ್ ಅಂದರೆ ಹೆಡ್ ಕೆಳಗೆ ಕೂರಿಸುವ ಲೋಹದ ಬಳೆ. ಈಗ ಅವರೇ ಒಳಗೆ ಯಾವ ರಿಂಗ್ ಹಾಕಿಸಿದೆ ಎಂದು ಕೇಳುತ್ತಾರೆ. ಏನೂ ಹಾಕಿಸಿಲ್ಲ. ಬರೀ ಮೇಪಲ್ ಮರದ ರಿಮ್, ಅಂದರೆ ಹೆಡ್ ಕೂರುವ ದುಂಡು ಚೌಕಟ್ಟು.

ಅದಕ್ಕೂ ಮುಂಚೆ ಅಲ್ಯೂಮಿನಿಯಂ ರಿಮ್‌ನದೊಂದು ನನ್ನ ಹತ್ತಿರ ಇತ್ತು. ತಂತಿಗಳ ತುದಿ ಸಿಕ್ಕಿಸುವ ಟೇಲ್‌ಪೀಸ್ ಬದಲಾಯಿಸಿದೆ, ದುಬಾರಿ ತಂತಿ ಹಾಕಿದೆ, ಶ್ರುತಿ ಮಾಡುವ ಪೆಗ್‌ಗಳನ್ನೂ ಬಿಡಲಿಲ್ಲ. ಕೊಂಡ ಬೆಲೆಯ ಅರ್ಧದಷ್ಟು ಮತ್ತೆ ಅದರ ಮೇಲೇ ಸುರಿದೆ. ತಗಡಿನ ಸದ್ದು ಮಾತ್ರ ಹೋಗಲಿಲ್ಲ. ಮಾರಿದಾಗ ಹಾಕಿದ್ದರಲ್ಲಿ ಕಾಲು ಭಾಗವೂ ಬರಲಿಲ್ಲ. ಅಲ್ಲಿಂದಾಚೆ ರಿಮ್ ಮತ್ತು ನೆಕ್ (ಬೆರಳಾಡಿಸುವ ಉದ್ದನೆ ಕತ್ತು) ನೋಡಿ ಕೊಳ್ಳುವುದು, ಉಳಿದದ್ದನ್ನು ನಾನೇ ಸರಿಮಾಡುವುದು ಎಂದುಕೊಂಡೆ.

ಹೆಡ್ ಹರಿದಿದ್ದರೆ ಮಾರುವವರೇ ಬೆಲೆ ಇಳಿಸುತ್ತಾರೆ. ನನಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಇಳಿಯಿತು. ಹೊಸ ಮೈಲಾರ್ (ಪ್ಲಾಸ್ಟಿಕ್) ಹೆಡ್‌ಗೆ ಅಷ್ಟೇನೂ ಆಗುವುದಿಲ್ಲ. ರಿಮ್‌ನ ಅಡ್ಡಳತೆ 11 ಇಂಚು ಇದೆಯಾ ಅಂತ ಎರಡು ಮೂರು ಕಡೆಯಿಂದ ಟೇಪ್ ಹಿಡಿದು ನೋಡಿ. ಅಳತೆ ಬೇರೆ ಬೇರೆ ಬಂದರೆ ರಿಮ್ ಸೊಟ್ಟಗಾಗಿದೆ, ಅಲ್ಲಿಂದ ಎದ್ದುಬಿಡಿ. ನೆಕ್ ರಿಮ್‌ಗೆ ಕೂರುವ ಕಡೆ ಕಾಗದದ ಚೂರು ತೂರಿಸಿ, ಒಳಗೆ ಹೋದರೆ ಸಂದು ಬಿಟ್ಟಿದೆ ಅಂತ ಅರ್ಥ. ನನ್ನದರಲ್ಲಿ ಸಲೀಸಾಗಿ ಒಳಗೆ ಹೋಯಿತು. ಮುಖ ಸಪ್ಪಗೆ ಮಾಡಿಕೊಂಡು ಇನ್ನಷ್ಟು ಚೌಕಾಸಿ ಮಾಡಿದೆ. ಮನೆಗೆ ತಂದು ಕೋಆರ್ಡಿನೇಟರ್ ರಾಡ್‌ನ (ರಿಮ್ ಒಳಗಿನ, ನೆಕ್ ಹಿಡಿದಿಡುವ ಸರಳು) ನಟ್ ಬಿಗಿ ಮಾಡಿದೆ, ಸಂದು ಮುಚ್ಚಿತು.

ಹೆಡ್ ಬಿಗಿಯುವುದಕ್ಕೆ ತಾಳ್ಮೆ ಬೇಕು. ಹೆಡ್ ಎಳೆದು ಹಿಡಿಯುವ ಹುಕ್‌ಗಳ ನಟ್ಟುಗಳನ್ನು ಎದುರುಬದುರಾಗಿ, ಸಲಕ್ಕೆ ಕಾಲು ಸುತ್ತು ತಿರುಗಿಸಬೇಕು. ತಂತಿಗಳ ಕೆಳಗೆ ಬಟ್ಟೆ ತುರುಕಿ ಹೆಡ್ ತಟ್ಟಿದರೆ ಟ್ಯೂನರ್ (ಶ್ರುತಿ ತೋರಿಸುವ ಯಂತ್ರ) ಜಿ ಶಾರ್ಪ್ ಸ್ವರದ ಆಸುಪಾಸು ತೋರಿಸಬೇಕು. ಅದಕ್ಕಿಂತ ಕೆಳಗಿನ ಜಿ ಸ್ವರಕ್ಕೇ ನಿಲ್ಲಿಸಿ ನೋಡಿದೆ, ಅದೇ ಸ್ವರದ ಮೂರನೇ ತಂತಿ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಹೊಸ ಹೆಡ್ ಕೆಲವು ದಿನಕ್ಕೆ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು.

ಜಾಸ್ತಿ ಫರಕು ಬಂದದ್ದು ಬ್ರಿಡ್ಜ್‌ನಿಂದ, ಅಂದರೆ ಹೆಡ್ ಮೇಲೆ ತಂತಿಗಳನ್ನು ಎತ್ತಿಹಿಡಿಯುವ ಪುಟ್ಟ ಮರದ ಚೂರಿನಿಂದ. 5/8 ಇಂಚು ಎತ್ತರದ್ದು, ಮೇಪಲ್ ಮೇಲೆ ಎಬೊನಿ ಪಟ್ಟಿ. ಎರಡೂವರೆ ಗ್ರಾಂ ಮೇಲಿದ್ದದ್ದನ್ನು ಮರಳು ಕಾಗದದಲ್ಲಿ ಉಜ್ಜಿ ಎರಡರ ಹತ್ತಿರ ತಂದೆ. ಇನ್ನೊಂದನ್ನು ಅದಕ್ಕಿಂತ ತೆಳ್ಳಗೆ ಮಾಡಿದೆ. ಸದ್ದು ಕಿವಿಗೆ ಚುಚ್ಚುವಂತಾಯಿತು, ಆಮೇಲೆ ಒಂದು ಕಾಲೂ ಮುರಿಯಿತು. ಬ್ರಿಡ್ಜ್ ಕೂರಿಸುವಾಗ 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಪಟ್ಟಿ) ಹತ್ತಿರ ತಂತಿಯನ್ನು ಹಗುರಾಗಿ ಮುಟ್ಟಿ ಹೊಮ್ಮಿಸಿದ ಹಾರ್ಮೋನಿಕ್ಕೂ, ಅಲ್ಲೇ ಒತ್ತಿ ನುಡಿಸಿದ್ದೂ ಒಂದೇ ಸ್ವರ ಬರಬೇಕು.

ಹಿಂಬದಿಯ ಮುಚ್ಚಳ ರೆಸೊನೇಟರ್ ಕಳಚಿ, ಹೆಡ್ ಹಿಂದೆ ಹಳೇ ಕಾಲುಚೀಲ ಸಿಕ್ಕಿಸಿ ಸುಮ್ನೆ ನುಡಿಸಿ ನೋಡಿದೆ. ರಾತ್ರಿ ಅಭ್ಯಾಸಕ್ಕೆ ಬಲು ಚೆನ್ನಾಗಿದೆ, ಕಾಲುಚೀಲ ಈಗ ತೆಗೆಯುವುದೇ ಇಲ್ಲ. ನಾಲ್ಕನೇ ತಂತಿ ಇನ್ನೂ ಸ್ವಲ್ಪ ಮಂದ. ಮುಂದಿನ ಸಲ ಒಂದು ಗೇಜ್ (ದಪ್ಪದ ಅಳತೆ) ತೆಳ್ಳಗಿನದು ಹಾಕಿ ನೋಡುತ್ತೇನೆ.