ನಾಲ್ಕರಲ್ಲಿ ಹಾಕಿ ನೋಡಿದ್ರಾ? ಕಾರಿನ ಬ್ಲೋವರ್ ಫ್ಯಾನ್ ಕೆಟ್ಟರೆ ಪತ್ತೆ ಹಚ್ಚುವುದು, ಸರಿ ಮಾಡುವುದು ಹೇಗೆ

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಒಂದು ರಾತ್ರಿ ಸುಳ್ಯದಿಂದ ಜಾಲ್ಸೂರು ದಾಟಿ ಮುಳ್ಳೇರಿಯಕ್ಕೆ ಬರುತ್ತಿದ್ದೆ. ಜೋರು ಮಳೆ. ಕಾರಿನಲ್ಲಿ ನಾಲ್ಕು ಜನ, ಎಲ್ಲರ ಬಟ್ಟೆಯೂ ಅರ್ಧ ಒದ್ದೆ. ಗಾಳಿ ಊದುವ ಬ್ಲೋವರ್ ಎರಡನೇ ಸ್ಪೀಡಿನಲ್ಲಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಅದರ ಸದ್ದು ನಿಂತಿತು, ಸ್ವಲ್ಪ ಹೊತ್ತಿನಲ್ಲೇ ಎದುರಿನ ಗಾಜು ಹಾಲು ಬಳಿದ ಹಾಗೆ ಬೆಳ್ಳಗಾಯಿತು. ವೈಪರ್ ಹೊರಗಿನ ನೀರನ್ನು ಒರೆಸುತ್ತದೆ, ಒಳಗಿನ ಮಂಜಿಗೆ ಅದೇನು ಮಾಡೀತು? ಪಕ್ಕದ ಸೀಟಿನಲ್ಲಿ ಕೂತಿದ್ದ ಅಕ್ಕ ಬೈರಾಸಿನಿಂದ (ಟವೆಲಿನಿಂದ) ಗಾಜು ಒರೆಸುತ್ತಾ ಬಂದಳು, ನಾನು ಎರಡನೇ ಗೇರಿನಲ್ಲೇ ಮನೆಯವರೆಗೆ ತಂದೆ.

ಮರುದಿನ ಒಂದು ವರ್ಕ್‌ಶಾಪ್‌ನಲ್ಲಿ ಕೇಳಿದರೆ ಮೋಟರ್ ಹೋಗಿದೆ, ಪೂರ್ತಿ ಬದಲಿಸಬೇಕು ಎಂದರು. ಮನಸ್ಸು ಒಪ್ಪದೆ ನಮ್ಮ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಮಾತು. "ನಾಲ್ಕರಲ್ಲಿ ಹಾಕಿ ನೋಡಿದ್ರಾ ಅಣ್ಣಾ?" ನೋಡಿರಲಿಲ್ಲ. ಹಾಕಿದೆ. ಫ್ಯಾನ್ ಭರ್ರೆಂದು ತಿರುಗಿತು! ಮೋಟರ್ ಚೆನ್ನಾಗಿಯೇ ಇತ್ತು, ಹೋಗಿದ್ದು ಫ್ಯಾನಿನ ಸ್ಪೀಡ್ ಇಳಿಸುವ ರೆಸಿಸ್ಟರ್. ಆ ರಾತ್ರಿ ನಾಬ್ ಇನ್ನೆರಡು ಸಲ ತಿರುಗಿಸಿದ್ದರೆ ಗಾಜು ತಿಳಿಯಾಗುತ್ತಿತ್ತು.

ಇದನ್ನು ಬರೆಯುತ್ತಿರುವುದು ಅದಕ್ಕೇ. ಕಾಸರಗೋಡಿನಲ್ಲಿ ಹೀಟರ್ ಯಾರಿಗೆ ಬೇಕು ಎಂದು ಕೇಳಬಹುದು. ಡಿಸೆಂಬರಿನಲ್ಲಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವಾಗ, ಇಲ್ಲವೇ ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಹೋಗುವಾಗ ಬಿಟ್ಟರೆ ನಾವು ಅದನ್ನು ಮುಟ್ಟುವುದೇ ಇಲ್ಲ. ಆದರೆ ಹೀಟರ್‌ಗೂ ಏಸಿಗೂ ಗಾಜಿನ ಮಂಜು ತೆಗೆಯುವುದಕ್ಕೂ ಗಾಳಿ ಊದುವುದು ಒಂದೇ ಫ್ಯಾನ್. ನಮ್ಮ ಮಳೆಯಲ್ಲಿ ಆ ಫ್ಯಾನ್ ಇಲ್ಲದಿದ್ದರೆ ರಸ್ತೆಯೇ ಕಾಣುವುದಿಲ್ಲ.

ಮೊದಲು ನಾಬ್ ತಿರುಗಿಸಿ

ಯಾವ ಸಾಮಾನೂ ಬೇಡ. ಕೀ ಆನ್ ಮಾಡಿ, ಒಂದರಿಂದ ಕೊನೆಯವರೆಗೆ ಒಂದೊಂದೇ ಸ್ಪೀಡ್ ಹಾಕಿ ಕಿವಿಗೊಟ್ಟು ಕೇಳಿ. ಕೊನೆಯ ಸ್ಪೀಡ್ ಮಾತ್ರ ಓಡುತ್ತದೆ, ಉಳಿದದ್ದು ಇಲ್ಲ ಎಂದರೆ ಹೆಚ್ಚಾಗಿ ರೆಸಿಸ್ಟರ್. ನಡುವಿನ ಒಂದು ಸ್ಪೀಡ್ ಮಾತ್ರ ಇಲ್ಲವಾದರೆ ಸ್ವಿಚ್ಚಿನ ಒಂದು ಕಾಂಟ್ಯಾಕ್ಟೋ ರೆಸಿಸ್ಟರಿಗೆ ಹೋಗುವ ಒಂದು ವಯರೋ ಹೋಗಿರಬಹುದು. ಹೊಂಡಕ್ಕೆ ಇಳಿದಾಗ ಓಡುವುದು, ಆಮೇಲೆ ನಿಲ್ಲುವುದು ಮಾಡಿದರೆ ಮೋಟರಿನ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆದಿದೆ ಅಥವಾ ವಯರ್ ಜೋಡಿಸುವ ಕಪ್ಲರ್ ಸಡಿಲವಾಗಿದೆ. ಸದ್ದು ಜೋರಾಗಿದ್ದೂ ಗಾಳಿ ಕಡಿಮೆ ಬಂದರೆ ಏಸಿ ಫಿಲ್ಟರ್ ಕಟ್ಟಿಕೊಂಡಿರಬಹುದು. ಟಕ ಟಕ ಸದ್ದಾದರೆ ಒಳಗೆ ಎಲೆಯ ಚೂರು ಸಿಕ್ಕಿರಬಹುದು, ಕೀಚಲು ಸದ್ದಾದರೆ ಮೋಟರಿನ ಅಕ್ಷ ತಿರುಗುವ ಬುಷ್ ಒಣಗಿದೆ.

ಗಾಳಿ ಚೆನ್ನಾಗಿ ಬರುತ್ತದೆ, ಆದರೆ ಬಿಸಿ ಬರುವುದಿಲ್ಲ ಎಂದರೆ ಫ್ಯಾನಿನ ತಪ್ಪಲ್ಲ. ಹೀಟರಿಗೆ ಬಿಸಿ ಸಿಗುವುದು ಎಂಜಿನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟಿನಿಂದ, ಕೂಲಂಟ್ ಮಟ್ಟ ಮತ್ತು ಅದರ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ನೋಡಬೇಕು. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ.

ಒಂದು ಸ್ಪೀಡೂ ಇಲ್ಲವೇ? ಫ್ಯೂಸ್ ನೋಡಿ

ಸಾಮಾನ್ಯವಾಗಿ ಎರಡು ಫ್ಯೂಸ್ ಬಾಕ್ಸ್ ಇರುತ್ತವೆ. ಒಂದು ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಬಾನೆಟ್ ಒಳಗೆ. ಯಾವುದು ಬ್ಲೋವರಿನದ್ದು ಎಂದು ಮುಚ್ಚಳದ ಹಿಂದೆಯೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತದೆ. ಕೀ ಆಫ್ ಮಾಡಿ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿಯಿರಿ, ಒಳಗಿನ ತಂತಿ ತುಂಡಾಗಿದ್ದರೆ ಕಾಣುತ್ತದೆ. ಹಳದಿ 20 ಆಂಪಿಯರ್, ಬಿಳಿ 25, ಹಸಿರು 30. ಇದ್ದಷ್ಟೇ ಆಂಪಿಯರಿನದ್ದನ್ನು ಹಾಕಿ. ದೊಡ್ಡ ಫ್ಯೂಸ್ ಹಾಕುವುದು, ತಾಮ್ರದ ತಂತಿ ಸುತ್ತುವುದು ಯಾರೇ ಹೇಳಿದರೂ ಬೇಡ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ಡ್ಯಾಶ್‌ಬೋರ್ಡಿನ ಒಳಗಿನ ವಯರ್.

ಹೊಸ ಫ್ಯೂಸ್ ಹಾಕಿದ ಕೂಡಲೇ ಹೋದರೆ ಮೋಟರ್ ಬಿಗಿದಿದೆ, ಇಲ್ಲವೇ ಎಲ್ಲೋ ವಯರ್ ಶಾರ್ಟ್ ಆಗಿದೆ. ನಮ್ಮ ಕಡೆ ಅಡಕೆ ರಾಶಿ ಇರುವ ಚಾವಡಿಯ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇವೆ, ಅಲ್ವಾ? ಇಲಿಗಳಿಗೆ ಅದು ಬೆಚ್ಚನೆಯ ಜಾಗ. ವಯರ್ ಕಡಿದ ಗುರುತು ಇದೆಯಾ ಎಂದು ಟಾರ್ಚ್ ಹಾಕಿ ನೋಡಿ.

ಫ್ಯೂಸ್ ಸರಿ ಇದ್ದರೆ ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ ನೋಡಿ. ಅದೇ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ.

ಗ್ಲವ್ ಬಾಕ್ಸ್ ಕೆಳಗೆ ಏನಿದೆ

ಹೆಚ್ಚಿನ ಕಾರುಗಳಲ್ಲಿ ಬ್ಲೋವರ್ ಇರುವುದು ಎಡಗಡೆ, ಗ್ಲವ್ ಬಾಕ್ಸಿನ ಹಿಂದೆ ಅಥವಾ ಕೆಳಗೆ. ಗ್ಲವ್ ಬಾಕ್ಸಿನ ಎರಡು ಬದಿ ಒಳಕ್ಕೆ ಒತ್ತಿದರೆ ಅದು ಕೆಳಗೆ ಬೀಳುತ್ತದೆ, ಕೆಲವದರಲ್ಲಿ ಸ್ಕ್ರೂ ಬಿಚ್ಚಬೇಕು. ಅಲ್ಲಿ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು, ಕೈ ಹಾಕಬೇಡಿ. ಫಿಲ್ಟರ್ ಕೂಡ ಅಲ್ಲೇ ಸಿಗುತ್ತದೆ, ಮೊದಲು ಅದನ್ನು ಹೊರಗೆ ತೆಗೆಯಿರಿ. ನನ್ನ ಕಾರಿನದ್ದು ಧೂಳು, ಎಲೆಯ ಪುಡಿ, ಇಲಿ ತಂದಿಟ್ಟ ಅಡಕೆ ಸಿಪ್ಪೆಯ ನಾರು ಎಲ್ಲ ಸೇರಿ ಕಂಬಳಿಯ ಹಾಗಾಗಿತ್ತು.

ದುಂಡಗಿನ ಮೋಟರಿಗೆ ಸಾಮಾನ್ಯವಾಗಿ ಎರಡು ವಯರ್ ಬರುತ್ತವೆ. ಇಲ್ಲಿ ಒಂದು ಸಣ್ಣ ಪರೀಕ್ಷೆ ಇದೆ. ಕೀ ಆನ್, ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಇಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿಗೆ ಮೆಲ್ಲಗೆ ತಟ್ಟಿ. ತಟ್ಟಿದಾಗ ಓಡಿದರೆ ಕಾರ್ಬನ್ ಸವೆದಿದೆ, ಮೋಟರ್ ಜಾಸ್ತಿ ದಿನ ಬಾಳುವುದಿಲ್ಲ.

ಓಡದಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಳ್ಳಿ. ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಲರ್ ಕಳಚದೆ ಹಿಂದಿನಿಂದ ಎರಡು ವಯರುಗಳಿಗೂ ಮೀಟರಿನ ಒಂದೊಂದು ಕಡ್ಡಿ ತಾಗಿಸಿ. 12 ವೋಲ್ಟಿನ ಹತ್ತಿರ ತೋರಿಸಿಯೂ ಫ್ಯಾನ್ ತಿರುಗದಿದ್ದರೆ ಮೋಟರ್ ಹೋಗಿದೆ, ಅನುಮಾನವೇ ಬೇಡ. ಏನೂ ತೋರಿಸದಿದ್ದರೆ ಮೋಟರಿಗೆ ಕರೆಂಟೇ ಬರುತ್ತಿಲ್ಲ, ಸುಮ್ನೆ ಅದನ್ನು ಬಿಚ್ಚಬೇಡಿ.

ತುಂಬಾ ಜನ ತಪ್ಪುವುದು ಇಲ್ಲೇ. ಒಂದು ಕಡ್ಡಿಯನ್ನು ಕಾರಿನ ಬಾಡಿಯ ಲೋಹಕ್ಕೆ ತಾಗಿಸಿ ಇನ್ನೊಂದನ್ನು ವಯರಿಗೆ ಹಿಡಿಯುತ್ತಾರೆ, ಅಥವಾ ಟೆಸ್ಟ್ ಲ್ಯಾಂಪ್ ಇಡುತ್ತಾರೆ, ಬಲ್ಬ್ ಉರಿಯುತ್ತದೆ, ಕರೆಂಟ್ ಬರುತ್ತಿದೆ ಹಾಗಾದರೆ ಮೋಟರೇ ಕೆಟ್ಟಿದೆ ಎಂದು ಹೇಳಿಬಿಡುತ್ತಾರೆ. ಎಷ್ಟೋ ಕಾರುಗಳಲ್ಲಿ ರೆಸಿಸ್ಟರೂ ಸ್ವಿಚ್ಚೂ ಇರುವುದು ಅರ್ತ್ (ಮೈನಸ್) ಕಡೆಯಲ್ಲಿ. ಅವು ಕೆಟ್ಟಿದ್ದರೂ ಪ್ಲಸ್ ವಯರಿನಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಅದಕ್ಕೇ ಎರಡು ವಯರಿನ ನಡುವೆಯೇ ಅಳೆಯಬೇಕು.

ರೆಸಿಸ್ಟರ್ ಯಾಕೆ ಸುಟ್ಟಿತು?

ಕಡಿಮೆ ಸ್ಪೀಡಿನಲ್ಲಿ ಕರೆಂಟ್ ರೆಸಿಸ್ಟರಿನ ಸುರುಳಿಗಳ ಮೂಲಕ ಹೋಗುತ್ತದೆ, ಅದು ವೋಲ್ಟೇಜ್ ಇಳಿಸುತ್ತದೆ, ಇಳಿಸುವಾಗ ಬಿಸಿಯಾಗುತ್ತದೆ. ಕೊನೆಯ ಸ್ಪೀಡಿನಲ್ಲಿ ಕರೆಂಟ್ ಈ ಸುರುಳಿ ಬಿಟ್ಟು ನೇರ ಹೋಗುವುದರಿಂದ ಅದೊಂದು ಉಳಿಯುತ್ತದೆ. ಬಿಸಿ ಆರಲಿ ಎಂದೇ ರೆಸಿಸ್ಟರನ್ನು ಬ್ಲೋವರಿನ ಗಾಳಿ ತಾಗುವ ಜಾಗದಲ್ಲಿ ಕೂರಿಸಿರುತ್ತಾರೆ. ಫಿಲ್ಟರ್ ಕಟ್ಟಿಕೊಂಡರೆ ಆ ಗಾಳಿ ಸಾಲುವುದಿಲ್ಲ. ಬುಷ್ ಬಿಗಿಯಾದ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಈ ಎರಡರಲ್ಲಿ ಯಾವುದೇ ಒಂದು ಆದರೂ ರೆಸಿಸ್ಟರ್ ಸುಡುತ್ತದೆ, ಮತ್ತು ಕಾರಣ ಹುಡುಕದೆ ಹೊಸದು ಹಾಕಿದರೆ ಅದೂ ಸುಡುತ್ತದೆ.

ಕೀ ಆಫ್ ಮಾಡಿ, ಕಪ್ಲರ್ ಕಳಚಿ, ಎರಡು ಸ್ಕ್ರೂ ಬಿಚ್ಚಿದರೆ ರೆಸಿಸ್ಟರ್ ಹೊರಗೆ ಬರುತ್ತದೆ. ಈಗಷ್ಟೇ ಫ್ಯಾನ್ ಓಡಿಸಿದ್ದರೆ ಆರಲು ಬಿಡಿ, ಕೈ ಸುಡುತ್ತದೆ. ಸುರುಳಿ ತುಂಡಾಗಿದೆಯಾ, ಕಪ್ಪಾಗಿದೆಯಾ ನೋಡಿ. ಮೀಟರಿನಲ್ಲಿ ಕಾಲುಗಳ ನಡುವೆ ಕೆಲವೇ ಓಮ್, ಕೆಲವು ಕಡೆ ಒಂದಕ್ಕಿಂತಲೂ ಕಡಿಮೆ ಬರಬೇಕು. ಏನೂ ಬಾರದಿದ್ದರೆ ಅದು ತುಂಡಾಗಿದೆ. ಕಪ್ಲರನ್ನೂ ಮರೆಯಬೇಡಿ. ಪ್ಲಾಸ್ಟಿಕ್ ಕರಗಿದ್ದರೆ ಅದನ್ನೂ ಬದಲಿಸಬೇಕು, ವಯರ್ ಬೆಸುಗೆ ಹಾಕಿ, ಬಿಸಿ ತಾಗಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಬೇಕು, ಬರೀ ತಿರುಚಿ ಟೇಪ್ ಸುತ್ತಿದರೆ ಆ ಜಾಗ ಮತ್ತೆ ಬಿಸಿಯಾಗುತ್ತದೆ. ನನಗೆ ರೆಸಿಸ್ಟರಿಗೆ 450 ರೂಪಾಯಿ ಆಯಿತು, ಫಿಲ್ಟರ್ ಬೇರೆ. ಅಂಗಡಿಗೆ ಹಳೆಯದನ್ನೇ ಹಿಡಿದುಕೊಂಡು ಹೋಗಿ ತೋರಿಸಿ, ಹೆಸರು ಹೇಳುವ ಕಷ್ಟವೇ ಇಲ್ಲ.

ಆಟೋಮ್ಯಾಟಿಕ್ ಏಸಿ ಇರುವ ಕಾರುಗಳಲ್ಲಿ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದು ಒಳ್ಳೆಯದು.

ಮೋಟರೇ ಬದಲಿಸಬೇಕಾದರೆ

ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಬಿಡಿ. ಕೆಳಗಿನ ಮೂರು ನಾಲ್ಕು ಸ್ಕ್ರೂ ಬಿಚ್ಚಿದರೆ ಮೋಟರ್ ಗಾಳಿ ಊದುವ ಚಕ್ರದ ಸಮೇತ ಇಳಿಯುತ್ತದೆ. ಕೈಯಲ್ಲಿ ತಿರುಗಿಸಿ ನೋಡಿ, ಹಗುರವಾಗಿ ಒಂದೆರಡು ಸುತ್ತು ತಾನೇ ತಿರುಗಬೇಕು. ಗೂಡಿನ ಒಳಗಿನ ಕಸ ತೆಗೆಯಿರಿ. ಅಲ್ಲಿ ನೀರಿನ ಪಸೆ ಕಂಡರೆ ಏಸಿಯ ನೀರು ಹೋಗುವ ಪೈಪ್ ಕಟ್ಟಿದೆಯಾ ನೋಡಿ, ಇಲ್ಲದಿದ್ದರೆ ಹೊಸ ಮೋಟರೂ ತುಕ್ಕು ಹಿಡಿದೀತು. ಹೊಸದನ್ನು ಪೂರ್ತಿ ಕೂರಿಸುವ ಮೊದಲು ಕಪ್ಲರ್ ಹಾಕಿ, ಮೈನಸ್ ತಾಗಿಸಿ ಓಡಿಸಿ ನೋಡಿ, ಬೆರಳು ದೂರ ಇರಲಿ. ವಯರ್ ಅದಲುಬದಲಾಗಿದ್ದರೆ ಚಕ್ರ ಉಲ್ಟಾ ತಿರುಗುತ್ತದೆ. ಆಗಲೂ ಗಾಳಿ ಬರುತ್ತದೆ ಆದರೆ ತುಂಬಾ ಕಡಿಮೆ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದಿಲ್ಲ.

ದಾರಿಯಲ್ಲೇ ನಿಂತರೆ

ಮೊದಲು ನಾಬ್ ಕೊನೆಗೆ ತಿರುಗಿಸಿ. ಓಡಿತು ಎಂದರೆ ಗಾಳಿಯನ್ನು ಗಾಜಿನ ಕಡೆಗೆ ಬಿಟ್ಟು, ಏಸಿ ಆನ್ ಮಾಡಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಏಸಿ ಗಾಳಿಯ ತೇವ ತೆಗೆಯುತ್ತದೆ, ಜೊತೆಗೆ ಸ್ವಲ್ಪ ಬಿಸಿಯೂ ಇದ್ದರೆ ಗಾಜು ಇನ್ನೂ ಬೇಗ ತಿಳಿಯಾಗುತ್ತದೆ. ಕೊನೆಯಲ್ಲೂ ಓಡದಿದ್ದರೆ ಎರಡೂ ಬದಿಯ ಗಾಜನ್ನು ಎರಡು ಬೆರಳು ಇಳಿಸಿ, ಒದ್ದೆ ಕೊಡೆಯನ್ನು ಡಿಕ್ಕಿಗೆ ಹಾಕಿ, ಅಷ್ಟಾದರೂ ಕಾಣದಿದ್ದರೆ ಅಗಲವಾದ ಜಾಗ ನೋಡಿ ಬದಿಗೆ ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿ. ಅಕ್ಕನ ಬೈರಾಸು ಈಗಲೂ ಡೋರಿನ ಬದಿಯಲ್ಲೇ ಇದೆ, ಅದರ ಜೊತೆಗೆ ಎರಡು ಫ್ಯೂಸ್ ಕೂಡ.