ಇಂಗ್ಲಿಷ್ ಅಡ್ಡಹೆಸರಿನ ಜಾಡು ಹಿಡಿಯುವುದು ಹೇಗೆ?

ಬಳ್ಳಾರಿಯಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಸಂಗನಕಲ್ಲು ಸುತ್ತಿನ ಹೊಸ ಶಿಲಾಯುಗದ ನೆಲೆಗಳ ಬಗ್ಗೆ ಬರೆದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರು ಬಂದ ಕೂಡಲೇ ಯಾರಾದರೂ ಕೇಳುತ್ತಾರೆ: "ಮೇಡಂ, ಫೂಟ್ ಅಂದ್ರೆ ಪಾದ ಅಲ್ವಾ? ಇದೆಂಥಾ ಅಡ್ಡಹೆಸರು?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಹುಡುಕುವ ದಾರಿ ಹೇಳುತ್ತೇನೆ.

ಮೊದಲು ಹೆಸರು ಯಾವ ಬಗೆಯದು ನೋಡಿ. ಇಂಗ್ಲೆಂಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಅಡ್ಡಹೆಸರು ರೂಢಿಗೆ ಬಂದಿದ್ದು 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ. 1400ರ ಸುಮಾರಿಗೆ ಹೆಚ್ಚಿನ ಮನೆಗಳಲ್ಲಿ ಅದು ನೆಲೆಯಾಗಿತ್ತು. ಸ್ಮಿತ್ (ಕಮ್ಮಾರ), ಟೇಲರ್ (ದರ್ಜಿ) ಕಸುಬಿನವು, ನಮ್ಮ ಬಡಿಗೇರ, ಪತ್ತಾರ ಇದ್ದ ಹಾಗೆ. ಜಾನ್ಸನ್ ಅಪ್ಪನ ಹೆಸರಿನಿಂದ, ಹಿಲ್ ಇದ್ದ ಜಾಗದಿಂದ ಬಂದದ್ದು. ಫೂಟ್ ನಾಲ್ಕನೆಯ ಬಗೆ. ಕಾಲಿನಲ್ಲಿ ಏನೋ ವಿಶೇಷ ಇದ್ದವನನ್ನು ಊರಿನವರು ಹಾಗೆ ಕರೆದಿರುತ್ತಾರೆ, ಅದೇ ಮಕ್ಕಳಿಗೂ ಅಂಟಿಕೊಂಡಿರುತ್ತದೆ.

ಅರ್ಥ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಅರ್ಥ ಹೆಸರಿನದು, ಮನೆತನದ ಕಥೆ ಬೇರೆಯೇ ಇರುತ್ತದೆ. ಊರಿಗೊಬ್ಬ ಕಮ್ಮಾರ ಇದ್ದ, ಹಾಗಾಗಿ ಸ್ಮಿತ್‌ಗಳೆಲ್ಲ ಒಂದೇ ರಕ್ತ ಅಲ್ಲ. ಗೊತ್ತಿರುವ ಒಬ್ಬ ವ್ಯಕ್ತಿಯಿಂದ ಶುರು ಮಾಡಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಇಂಗ್ಲೆಂಡಿನಲ್ಲಿ ಹುಟ್ಟು, ಸಾವು, ಮದುವೆಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ರಂದು. ಫೂಟ್ ಹುಟ್ಟಿದ್ದು 1834ರಲ್ಲಿ, ಚೆಲ್ಟನ್‌ಹ್ಯಾಮ್‌ನಲ್ಲಿ. ಹಾಗಾಗಿ ಅವರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನೇ ನೋಡಬೇಕು. ಇಂಥ ಪುಸ್ತಕ ಇಡಬೇಕೆಂದು ಆಜ್ಞೆ ಆಗಿದ್ದು 1538ರಲ್ಲಿ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಖಾತೆ ತೆರೆದರೆ ಸಾಕು, ಸಾಕಷ್ಟು ದಾಖಲೆಗಳನ್ನು ದುಡ್ಡಿಲ್ಲದೆ ಹುಡುಕಬಹುದು.

ಹುಡುಕುವಾಗ ಕಾಗುಣಿತ ಬದಲಿಸುತ್ತಾ ಇರಿ. ಪಾದ್ರಿ ಕಿವಿಗೆ ಕೇಳಿದಂತೆ ಬರೆದುಕೊಳ್ಳುತ್ತಿದ್ದ. ಇಂಗ್ಲಿಷಿನಲ್ಲಿ Foote ಎಂದು ಬರೆಯುವ ಫೂಟ್ ಹೆಸರಿನ ಕೊನೆಯ 'ಇ' ಅಕ್ಷರ ಒಂದು ಪುಟದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ಹೋಗಬಹುದು.

ನಮ್ಮ ಕಡೆ ಬದುಕಿದವರನ್ನು ಹುಡುಕುವುದಾದರೆ ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು ಎಂಬುದು ನೆನಪಿರಲಿ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಲೆಕ್ಕದ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿದ್ದ ಮನೆತನಗಳ ಜಾಡು ಹಿಡಿಯುವ ಫಿಬಿಸ್ (FIBIS) ಎಂಬ ಸಂಸ್ಥೆಯ ಜಾಲತಾಣದಲ್ಲೂ ಹೆಸರು ಹಾಕಿ ನೋಡಿ.

ಸಾಹೇಬರೆಲ್ಲ ಇಂಗ್ಲೆಂಡಿನವರೇ ಎಂದುಕೊಳ್ಳಬೇಡಿ. 1800ರಿಂದ 1807ರವರೆಗೆ ಈ ಸೀಮೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದವರು. ಹೆಸರು ಸ್ಕಾಟ್ಲೆಂಡಿನದು. ಅಲ್ಲಿ ಸರ್ಕಾರಿ ನೋಂದಣಿ 1855ರಿಂದ, ದಾಖಲೆಗಳು ಸಿಗುವ ಜಾಲತಾಣವೂ ಬೇರೆ, ಸ್ಕಾಟ್‌ಲೆಂಡ್ಸ್‌ಪೀಪಲ್.

ಒಂದು ಕಡೆ ಮಾತ್ರ ದುಡ್ಡು ಹಾಕಬೇಡಿ. 'ನಿಮ್ಮ ಅಡ್ಡಹೆಸರಿನ ಲಾಂಛನ' ಎಂದು ಚಿತ್ರ ಮಾರುವವರಿದ್ದಾರೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಅದು ಯಾರದ್ದೂ ಆಗುವುದಿಲ್ಲ. ಆ ದುಡ್ಡಲ್ಲಿ ಒಂದು ಜನನ ಪತ್ರದ ನಕಲು ತರಿಸಿ. ಅದರಲ್ಲಿ ಅಪ್ಪನ ಕಸುಬು, ಅಮ್ಮನ ತವರಿನ ಅಡ್ಡಹೆಸರು ಎರಡೂ ಇರುತ್ತವೆ.